ಮಂಗಳದ ಕಲ್ಲು ಕಂಡ ನೀರು



ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳಕ್ಕೆ ಇಳಿದು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ನೀರು ಹೋದರೂ ನೀರಿನ ಗುರುತು ಹೋಗುವುದಿಲ್ಲ. ಹಳ್ಳ ಬಂದು ಸೇರುವ ಕಡೆ ದಪ್ಪ ಮರಳು, ಉರುಟು ಕಲ್ಲು. ಒಳಗೆ ಹೋದಂತೆ ಸಣ್ಣ ಮರಳು. ನಟ್ಟನಡುವೆ, ನೀರು ಅಲುಗಾಡದೆ ನಿಂತಿದ್ದ ಜಾಗದಲ್ಲಿ, ಹಿಟ್ಟಿನಂತಹ ಗೋಡುಮಣ್ಣು. ಆ ಗೋಡು ಬಿಸಿಲಿಗೆ ಬಿರಿದು ಹಪ್ಪಳದಂತೆ ಮೇಲೆದ್ದಿರುತ್ತದೆ. ಅಂಚಿನಲ್ಲಿ ಅಲ್ಲಲ್ಲಿ ಸವಳಿನ ಬಿಳಿ ಗೆರೆ. ಆ ಕೆರೆ ತುಂಬಿದ್ದಾಗ ಒಮ್ಮೆಯೂ ನೋಡದ ಪರಸ್ಥಳದವರೂ ಇಷ್ಟರಿಂದಲೇ ನೀರು ಯಾವ ಕಡೆಯಿಂದ ಬಂತು, ಎಲ್ಲಿ ನಿಂತಿತು, ಹೇಗೆ ಬತ್ತಿತು ಎಂದು ಹೇಳಬಲ್ಲರು.

ಭೂಮಿಯಿಂದ ಕೋಟ್ಯಂತರ ಕಿಲೋಮೀಟರ್ ದೂರದ ಮಂಗಳ ಗ್ರಹದಲ್ಲಿ ಇಂತಹದೇ ಒಂದು ಬತ್ತಿದ ಕೆರೆಯಂಗಳವಿದೆ. ಅಲ್ಲಿ 2012ರಿಂದ ಒಂದು ಗಾಡಿ ಓಡಾಡುತ್ತಿದೆ. ಅದಕ್ಕಿಂತ ಮೊದಲು ಮೂರು ಗಾಡಿಗಳು, ಅದಾದ ಮೇಲೆ ಇನ್ನೊಂದು, ಹೀಗೆ ಅಮೆರಿಕದ ನಾಸಾ ಸಂಸ್ಥೆ ಒಟ್ಟು ಐದು ಗಾಡಿಗಳನ್ನು ಆ ಗ್ರಹದ ನೆಲದ ಮೇಲೆ ಇಳಿಸಿದೆ. ಇವುಗಳಿಗೆ ರೋವರ್ ಎಂದು ಹೆಸರು. ಕೊನೆಯ ನಾಲ್ಕು ರೋವರ್‌ಗಳ ಮುಖ್ಯ ಕೆಲಸ ಒಂದೇ: ಅಲ್ಲಿನ ಕಲ್ಲುಗಳನ್ನು ನೀರು ಹೇಗೆ ಮಾರ್ಪಡಿಸಿತು ಎಂದು ಓದುವುದು.

ಮಂಗಳದಲ್ಲಿ ನೀರಿತ್ತೇ ಎಂಬ ಪ್ರಶ್ನೆ ಹಳೆಯದು. ಇತ್ತು ಎಂಬ ಉತ್ತರವೂ ಸಿಕ್ಕಿ ವರ್ಷಗಳಾದವು. ಈಗ ಕೇಳಬೇಕಾದ ಪ್ರಶ್ನೆ ಬೇರೆ. ಅದು ಎಂತಹ ನೀರು? ಸಿಹಿಯೋ, ಉಪ್ಪೋ, ಹುಳಿಯೋ? ಕುದಿಯುತ್ತಿತ್ತೋ, ತಣ್ಣಗಿತ್ತೋ? ಒಂದು ನೆರೆಯಂತೆ ಬಂದು ಹೋಯಿತೋ, ಸಾವಿರಾರು ವರ್ಷ ನಿಂತಿತ್ತೋ? ಆ ನೆಲದಲ್ಲಿ ಎಂದಾದರೂ ಜೀವ ಇರಲು ಸಾಧ್ಯವಿತ್ತೇ ಎಂಬ ದೊಡ್ಡ ಪ್ರಶ್ನೆ ಈ ಸಣ್ಣ ಪ್ರಶ್ನೆಗಳ ಮೇಲೆಯೇ ನಿಂತಿದೆ.

ದೂರದ ನೋಟ

ಈ ಕೆಲಸಕ್ಕೆ ಅಷ್ಟು ದೂರ ಗಾಡಿಗಳೇ ಹೋಗಬೇಕೆ, ದೂರದರ್ಶಕ ಸಾಲದೆ ಎಂದು ಕೇಳಬಹುದು. ಅದಕ್ಕೆ ಉತ್ತರ ಇತಿಹಾಸದಲ್ಲಿದೆ.

1877ರಲ್ಲಿ ಇಟಲಿಯ ಖಗೋಳಜ್ಞ ಜಿಯೊವಾನಿ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ಮಂಗಳವನ್ನು ನೋಡುತ್ತ ಕೆಲವು ಉದ್ದನೆಯ ಗೆರೆಗಳನ್ನು ಗುರುತಿಸಿದ. ಅವನ್ನು ತನ್ನ ಭಾಷೆಯಲ್ಲಿ 'ಕನಾಲಿ' ಎಂದು ಕರೆದ. ತಾನಾಗಿ ಆದ ತೊರೆಗೂ ಆ ಪದ ಸಲ್ಲುತ್ತದೆ. ಆದರೆ ಇಂಗ್ಲಿಷಿಗೆ ಹೋಗುವಾಗ ಅದು 'ಕೆನಾಲ್' ಆಯಿತು, ಅಂದರೆ ಕೈಯಿಂದ ತೋಡಿದ ಕಾಲುವೆ. ತೋಡಿದ ಕಾಲುವೆ ಎಂದ ಮೇಲೆ ತೋಡಿದವರೂ ಇರಬೇಕಲ್ಲ! ಅಮೆರಿಕದ ಸಿರಿವಂತ ಪರ್ಸಿವಲ್ ಲೊವೆಲ್ 1894ರಲ್ಲಿ ಅರಿಜೋನದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಸ್ವಂತ ಖರ್ಚಿನಿಂದ ವೀಕ್ಷಣಾಲಯ ಕಟ್ಟಿಸಿ ಆ ಗೆರೆಗಳ ನಕ್ಷೆ ಬರೆದ. ನೀರಿಗೆ ಬರ ಬಂದ ಬುದ್ಧಿಜೀವಿಗಳು ಧ್ರುವದ ಹಿಮ ಕರಗಿದ ನೀರನ್ನು ಹೊಲಗಳಿಗೆ ತರಲು ತೋಡಿದ ಕಾಲುವೆಗಳಿವು ಎಂದು ಪುಸ್ತಕಗಳನ್ನೇ ಬರೆದ. ಜನ ನಂಬಿದರು.

1965ರ ಜುಲೈನಲ್ಲಿ ಮ್ಯಾರಿನರ್-4 ನೌಕೆ ಮಂಗಳದ ಪಕ್ಕದಲ್ಲೇ ಹಾದುಹೋಗುತ್ತ ಚಿತ್ರ ತೆಗೆದು ಕಳುಹಿಸಿತು. ಕಾಲುವೆ ಇರಲಿಲ್ಲ, ಹೊಲವೂ ಇರಲಿಲ್ಲ. ಕಂಡದ್ದು ಚಂದ್ರನ ಮೇಲಿರುವಂತಹ ಕುಳಿಗಳು. ಲೊವೆಲ್‌ನ ನಕ್ಷೆ ಕಣ್ಣಿನ ಭ್ರಮೆಯಾಗಿತ್ತು. ಮಂಗಳ ಎಂದೂ ನೀರು ಕಾಣದ ಬರಡು ಎಂಬ ಮಾತು ಈಗ ಬಲವಾಯಿತು. ಆದರೆ ಅದೂ ಬಹಳ ದಿನ ನಿಲ್ಲಲಿಲ್ಲ. 1971ರ ನವೆಂಬರ್‌ನಲ್ಲಿ ಮ್ಯಾರಿನರ್-9 ಮಂಗಳದ ಕಕ್ಷೆ ಸೇರಿತು. ಗ್ರಹವನ್ನೇ ಆವರಿಸಿದ್ದ ಧೂಳಿನ ಬಿರುಗಾಳಿ ಅಡಗಿದ ಮೇಲೆ ಅದು ಕಳುಹಿಸಿದ ಚಿತ್ರಗಳಲ್ಲಿ ಒಣಗಿದ ನದಿಪಾತ್ರಗಳು ಕಂಡವು. ಉಪನದಿಗಳು ಬಂದು ಕೂಡುವ ಕವಲುಗಳೂ ಇದ್ದವು.

ಹೀಗೆ ದೂರದಿಂದ ನೋಡಿದ ಕಣ್ಣು ಮೊದಲು ಇಲ್ಲದ ನೀರನ್ನು ಕಂಡಿತು, ಆಮೇಲೆ ಹರಿದ ನೀರನ್ನು ಕಾಣದೆ ಹೋಯಿತು. ನದಿಪಾತ್ರ ಕಂಡಮೇಲೂ ಆ ನೀರಿನ ಗುಣ ತಿಳಿಯಲಿಲ್ಲ. ಅದನ್ನು ಅಲ್ಲಿ ಈಗ ಪರೀಕ್ಷಿಸುವಂತೆಯೂ ಇಲ್ಲ. ಇಂದಿನ ಮಂಗಳದಲ್ಲಿ ವಾಯುವಿನ ಒತ್ತಡ ಭೂಮಿಯದರ ಶೇಕಡಾ 1ಕ್ಕಿಂತ ಕಡಿಮೆ. ಬೋಗುಣಿಯಲ್ಲಿ ನೀರಿಟ್ಟರೆ ಒಂದೋ ಹೆಪ್ಪುಗಟ್ಟುತ್ತದೆ, ಇಲ್ಲವೇ ಕುದಿದು ಆವಿಯಾಗುತ್ತದೆ. ನೀರು ಹೋಗಿದೆ, ನೀರು ಮುಟ್ಟಿದ ಕಲ್ಲು ಉಳಿದಿದೆ. ಸಾಕ್ಷಿ ಹೇಳಬೇಕಾದದ್ದು ಆ ಕಲ್ಲೇ.

ನೀರು ಬಿಟ್ಟುಹೋದ ರುಜು

ಕಲ್ಲು ಹೇಗೆ ಸಾಕ್ಷಿ ಹೇಳುತ್ತದೆ? ಮಂಗಳದ ನೆಲದ ಬಹುಭಾಗ ಬಸಾಲ್ಟ್ ಎಂಬ ಕರಿಕಲ್ಲು. ಜ್ವಾಲಾಮುಖಿಯಿಂದ ಉಕ್ಕಿದ ಲಾವಾರಸ ಆರಿ ಗಟ್ಟಿಯಾದ ಅಗ್ನಿಶಿಲೆ ಇದು. ಬೀದರ, ಕಲಬುರಗಿ, ವಿಜಯಪುರದ ಕಡೆ ನೆಲದಡಿಯಲ್ಲಿ ಹಾಸಿರುವ ಕಪ್ಪು ಕಲ್ಲೂ ಇದೇ ಜಾತಿಯದು. ಆ ಸೀಮೆಯ ಎರೆಮಣ್ಣು ಎಲ್ಲಿಂದ ಬಂತು? ಇದೇ ಕಲ್ಲನ್ನು ನೀರು ಬಹುಕಾಲ ನೆನೆಸಿ, ಅದರ ಖನಿಜಗಳನ್ನು ಒಡೆದು, ಹೊಸ ಖನಿಜಗಳನ್ನಾಗಿ ಕಟ್ಟಿದ್ದರಿಂದ ಬಂತು. ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಜೇಡಿಯ ಅಂಶ ಹೆಚ್ಚು. ಮಳೆ ಬಂದರೆ ನೀರು ಹೀರಿ ಉಬ್ಬುವುದು, ಬೇಸಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವುದು ಈ ಜೇಡಿಯ ಗುಣ. ಕಲ್ಲು ಹೀಗೆ ಜೇಡಿಯಾಗಬೇಕಾದರೆ ನೀರು ತೀರ ಹುಳಿಯಾಗಿರಬಾರದು ಮತ್ತು ಕಲ್ಲಿನೊಡನೆ ಸಾಕಷ್ಟು ಕಾಲ ಇರಬೇಕು.

ಅದೇ ಕಲ್ಲಿನ ಮೇಲೆ ಗಂಧಕದ ಅನಿಲ ಬೆರೆತ ಆಮ್ಲದ ನೀರು ಹರಿದರೆ ಸಲ್ಫೇಟ್ ಲವಣಗಳು ಹುಟ್ಟುತ್ತವೆ. ಬಿಸಿನೀರಿನ ಬುಗ್ಗೆಯಾದರೆ ಸಿಲಿಕಾ ಉಳಿಯುತ್ತದೆ. ಇಂಗಾಲದ ಡೈ ಆಕ್ಸೈಡ್ ಕರಗಿದ, ಆಮ್ಲ ಹೆಚ್ಚಿಲ್ಲದ ನೀರಾದರೆ ಸುಣ್ಣಕಲ್ಲಿನ ಬಳಗದ ಕಾರ್ಬೊನೇಟ್‌ಗಳಾಗುತ್ತವೆ. ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಬಗೆಬಗೆಯ ಆಕ್ಸೈಡ್‌ಗಳಾಗುತ್ತದೆ. ಒಂದೊಂದು ಬಗೆಯ ನೀರೂ ಒಂದೊಂದು ಖನಿಜವನ್ನು ಹಿಂದೆ ಬಿಟ್ಟು ಹೋಗುತ್ತದೆ. ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಪೊರೆ ನೋಡಿ ಅದು ಗಡಸು ನೀರು ಎಂದು ಮನೆಯವರು ಹೇಳುವುದಿಲ್ಲವೆ? ತರ್ಕ ಅದೇ.

ಗಾಡಿಯ ಕೈಯಲ್ಲಿ ಸಾಣೆ

ಮಂಗಳದ ಮೇಲೆ ಓಡಾಡಿದ ಮೊದಲ ರೋವರ್ ಸೋಜರ್ನರ್. 1997ರ ಜುಲೈನಲ್ಲಿ ಇಳಿದ ಅದರ ತೂಕ ಹತ್ತೂವರೆ ಕಿಲೋ ಮಾತ್ರ. ಗಾಡಿ ಓಡಿಸಬಹುದೆಂದು ಅದು ತೋರಿಸಿಕೊಟ್ಟಿತು. ಕಲ್ಲನ್ನು ಕ್ರಮವಾಗಿ ಓದುವ ಕೆಲಸ ಶುರುವಾದದ್ದು 2004ರ ಜನವರಿಯಲ್ಲಿ, ಸ್ಪಿರಿಟ್ ಮತ್ತು ಆಪರ್ಚುನಿಟಿ ಎಂಬ ಅವಳಿ ರೋವರ್‌ಗಳು ಗ್ರಹದ ಎರಡು ಬೇರೆ ಬೇರೆ ಮಗ್ಗುಲಲ್ಲಿ ಇಳಿದಾಗ. ಒಂದೊಂದೂ ಸುಮಾರು 180 ಕಿಲೋ ತೂಕ, ಆರು ಚಕ್ರ, ಬಿಸಿಲಿನಿಂದ ವಿದ್ಯುತ್ ಪಡೆಯುವ ಸೌರಫಲಕ. ಚಪ್ಪಟೆ ನೆಲದಲ್ಲಿ ಪೂರ್ಣ ವೇಗದಿಂದ ಹೋದರೂ ಸೆಕೆಂಡಿಗೆ 5 ಸೆಂಟಿಮೀಟರ್. ಲೆಕ್ಕ ಹಾಕಿದ್ದ ಆಯುಷ್ಯ 90 ಮಂಗಳ ದಿನ.

ಮಂಗಳದ ಒಂದು ಹಗಲು ರಾತ್ರಿ ಸೇರಿ ಸುಮಾರು 24 ಗಂಟೆ 40 ನಿಮಿಷ. ಭೂಮಿಯಿಂದ ಹೊರಟ ರೇಡಿಯೋ ಸಂದೇಶ ಅಲ್ಲಿಗೆ ಮುಟ್ಟಲು ಗ್ರಹಗಳ ಅಂತರಕ್ಕೆ ತಕ್ಕಂತೆ ಸುಮಾರು 3ರಿಂದ 22 ನಿಮಿಷ ಹಿಡಿಯುತ್ತದೆ. ಆದ್ದರಿಂದ ಆಟಿಕೆಯ ಕಾರಿನಂತೆ ಕೈಯಲ್ಲಿ ಗುಂಡಿ ಹಿಡಿದು ಓಡಿಸುವಂತಿಲ್ಲ. ಗಾಡಿಯ ಬೆಳಗಿಗೆ ಸರಿಯಾಗಿ ಇಡೀ ದಿನದ ಕೆಲಸದ ಪಟ್ಟಿ ಕಳುಹಿಸಬೇಕು, ಸಂಜೆ ಅದು ಕಳುಹಿಸುವ ಉತ್ತರಕ್ಕೆ ಕಾಯಬೇಕು. ಮೊದಲ ತಿಂಗಳುಗಳಲ್ಲಿ ವಿಜ್ಞಾನಿಗಳು ಮಂಗಳದ ಗಡಿಯಾರಕ್ಕೆ ಹೊಂದಿಕೊಂಡು ದಿನಕ್ಕೆ 40 ನಿಮಿಷ ತಡವಾಗಿ ಏಳುತ್ತ, ತಡವಾಗಿ ಮಲಗುತ್ತ ದುಡಿದರು.

ಕಲ್ಲನ್ನು ಓದುವುದಕ್ಕೆ ಒಂದು ಅಡ್ಡಿಯಿತ್ತು. ಮಂಗಳದಲ್ಲಿ ಎಲ್ಲದರ ಮೇಲೂ ಕೆಂಧೂಳು. ಧೂಳಿನ ಕೆಳಗೆ ಗಾಳಿ, ಹಿಮಗಳಿಂದ ಕೆಟ್ಟ ಹೊರಸಿಪ್ಪೆ. ನಿಜವಾದ ಕಲ್ಲು ಇರುವುದು ಅದರೊಳಗೆ. ಭೂವಿಜ್ಞಾನಿಯ ಕೈಯಲ್ಲಿ ಇದಕ್ಕೆ ಸುತ್ತಿಗೆ ಇರುತ್ತದೆ. ರೋವರ್‌ನ ಕೈತುದಿಯಲ್ಲಿ ಒಂದು ಪುಟ್ಟ ಸಾಣೆಯಂತ್ರ ಇತ್ತು. ಅದು ಕಲ್ಲಿನ ಮೇಲೆ ನಾಲ್ಕೂವರೆ ಸೆಂಟಿಮೀಟರ್ ಅಗಲದ ಬಿಲ್ಲೆಯಷ್ಟು ಜಾಗವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಉಜ್ಜಿ ತೆಗೆಯಬಲ್ಲದು. ಈ ಸಾಣೆಯನ್ನು ಮಾಡಿದ ಕಂಪೆನಿ ಇದ್ದದ್ದು ನ್ಯೂಯಾರ್ಕ್ ನಗರದಲ್ಲಿ. 2001ರ ಸೆಪ್ಟೆಂಬರ್ 11ರಂದು ಉರುಳಿದ ಅವಳಿ ಗೋಪುರಗಳ ಅವಶೇಷದ ಅಲ್ಯೂಮಿನಿಯಮ್‌ನಿಂದ ಅದರ ತಂತಿಗಳಿಗೆ ಕಾಪು ಮಾಡಿ ಕೂರಿಸಿದ್ದರು. ಆ ಲೋಹ ಈಗಲೂ ಮಂಗಳದ ಮೇಲಿದೆ.

ಸಾಣೆ ಹಿಡಿದ ಜಾಗಕ್ಕೆ ಮೂರು ಉಪಕರಣಗಳು ಸರದಿಯಂತೆ ಮುಖವಿಡುತ್ತಿದ್ದವು. ಒಂದು ಸೂಕ್ಷ್ಮದರ್ಶಕ. ಇನ್ನೊಂದು ಕಲ್ಲಿನಲ್ಲಿರುವ ಮೂಲವಸ್ತುಗಳ ಪ್ರಮಾಣ ಹೇಳುವ ಮಾಪಕ. ಮೂರನೆಯದು ಜರ್ಮನಿಯ ಮೈನ್ಸ್‌ನಲ್ಲಿ ತಯಾರಾದ ಮಾಸ್‌ಬೌರ್ ರೋಹಿತಮಾಪಕ. ಕಬ್ಬಿಣ ಯಾವ ಖನಿಜದಲ್ಲಿ, ಯಾವ ಸ್ಥಿತಿಯಲ್ಲಿದೆ ಎಂದು ಇದು ಹೇಳುತ್ತದೆ. ತುಕ್ಕಿನ ಗ್ರಹಕ್ಕೆ ಇದಕ್ಕಿಂತ ಒಪ್ಪುವ ಉಪಕರಣವಿಲ್ಲ. ಅದರೊಳಗೆ ವಿಕಿರಣ ಸೂಸುವ ಕೋಬಾಲ್ಟ್ ಇತ್ತು. ಸುಮಾರು ಒಂಬತ್ತು ತಿಂಗಳಿಗೊಮ್ಮೆ ಅದರ ಕಸುವು ಅರ್ಧಕ್ಕೆ ಇಳಿಯುತ್ತ ಹೋದಂತೆ, ಮೊದಲು ಗಂಟೆಗಳಲ್ಲಿ ಮುಗಿಯುತ್ತಿದ್ದ ಅಳತೆಗೆ ಆಮೇಲೆ ದಿನಗಳೇ ಬೇಕಾದವು. ಆದರೂ ಅಳೆಯುವುದನ್ನು ಬಿಡಲಿಲ್ಲ.

ಹುಳಿ ನೀರಿನ ಬಯಲು

ಆಪರ್ಚುನಿಟಿಗೆ ಆರಿಸಿದ್ದ ಜಾಗ ಮೆರಿಡಿಯಾನಿ ಎಂಬ ಬಯಲು. ಅಲ್ಲಿ ಹೆಮಟೈಟ್ ಹರಡಿದೆ ಎಂದು ಕಕ್ಷೆಯಲ್ಲಿ ಸುತ್ತುತ್ತಿದ್ದ ನೌಕೆ ಮೊದಲೇ ತಿಳಿಸಿತ್ತು. ಹೆಮಟೈಟ್ ಎಂದರೆ ಕಬ್ಬಿಣದ ಅದಿರು, ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಖನಿಜವೇ. ಅದು ನೀರಿನಿಂದಲೂ ಆಗಬಹುದು, ನೀರಿಲ್ಲದೆಯೂ ಆಗಬಹುದು. ಯಾವುದು ಎಂದು ಮೇಲಿನಿಂದ ಹೇಳುವಂತಿರಲಿಲ್ಲ.

ಗಾಳಿಚೀಲಗಳ ನಡುವೆ ಪುಟಿಯುತ್ತ ಇಳಿದ ನೌಕೆ ಉರುಳಿ ಉರುಳಿ 22 ಮೀಟರ್ ಅಗಲದ ಒಂದು ಪುಟ್ಟ ಕುಳಿಯೊಳಗೆ ಬಿದ್ದಿತು. ಕ್ಯಾಮೆರಾ ಕಣ್ಣು ಬಿಟ್ಟಾಗ ಎದುರಿಗೇ ಕುಳಿಯ ಗೋಡೆಯಲ್ಲಿ ಪದರುಪದರಾದ ಹಾಸುಗಲ್ಲು! ಮಂಗಳದಲ್ಲಿ ತಳದಿಂದ ಕಿತ್ತು ಬರದ, ಇದ್ದಲ್ಲೇ ಇದ್ದ ಬಂಡೆಯನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಆ ಕಲ್ಲಿನಲ್ಲಿ, ಸುತ್ತಲಿನ ಮಣ್ಣಿನಲ್ಲಿ, ಎಲ್ಲೆಂದರಲ್ಲಿ ಕಾಳುಮೆಣಸಿನ ಗಾತ್ರದ ದುಂಡನೆಯ ಗುಂಡುಗಳು ಚೆಲ್ಲಿದ್ದವು. ಕೆಂಪು ನೆಲದ ಮೇಲೆ ನಸುನೀಲಿಯಾಗಿ ಕಾಣುತ್ತಿದ್ದುದರಿಂದ ವಿಜ್ಞಾನಿಗಳು ತಮ್ಮ ನಾಡಿನ ಹಣ್ಣಿನ ಹೆಸರಿಟ್ಟು ಅವನ್ನು 'ಬ್ಲೂಬೆರಿ' ಎಂದು ಕರೆದರು.

ಈ ಗುಂಡುಗಳು ಯಾವುದರಿಂದ ಆದವು? ಒಂದು ಗುಂಡು ಉಪಕರಣದ ಬಾಯಿಗಿಂತ ಚಿಕ್ಕದು, ಬಿಡಿಯಾಗಿ ಅಳೆಯಲಾಗದು. ಒಂದು ಬಂಡೆಯ ತಗ್ಗಿನಲ್ಲಿ ಗುಂಡುಗಳು ಒಟ್ಟಾಗಿ ಕೂಡಿಕೊಂಡದ್ದು ಕಂಡಿತು. ಮೊದಲು ಗುಂಡುಗಳ ರಾಶಿಯನ್ನು, ಆಮೇಲೆ ಅದೇ ಬಂಡೆಯ ಬರಿಯ ಮೈಯನ್ನು ಅಳೆದರು. ಎರಡರ ವ್ಯತ್ಯಾಸದಲ್ಲಿ ಉತ್ತರ ಸಿಕ್ಕಿತು: ಗುಂಡುಗಳು ಹೆಮಟೈಟ್. ನೆಲದಡಿಯ ನೀರು ಕಲ್ಲಿನೊಳಗೆ ಇಂಗಿ, ಕರಗಿದ್ದ ಕಬ್ಬಿಣವನ್ನು ಒಂದು ಬಿಂದುವಿನ ಸುತ್ತ ಕಟ್ಟುತ್ತ ಹೋಗಿ ಬೆಳೆಸಿದ ಗುಂಡುಗಳು ಅವು.

ಸಾಣೆ ಹಿಡಿದ ಬಂಡೆಯೊಳಗೆ ಜರೋಸೈಟ್ ಎಂಬ ಸಲ್ಫೇಟ್ ಖನಿಜವೂ ಸಿಕ್ಕಿತು. ಅದರ ಹೆಸರು ಬಂದದ್ದು ಸ್ಪೇನಿನ ಹರೋಸೊ ಎಂಬ ಕಣಿವೆಯಿಂದ. ಅದೇ ದೇಶದಲ್ಲಿ ಕೆಂಪಗೆ ಹರಿಯುವ, ಆಮ್ಲ ತುಂಬಿದ ರಿಯೊ ಟಿಂಟೊ ನದಿಯ ದಡದಲ್ಲೂ ಅದು ಉಂಟು. ಗುಜರಾತಿನ ಕಛ್‌ನಲ್ಲೂ ಇದೆ, ಭಾರತದ ವಿಜ್ಞಾನಿಗಳು ಮಂಗಳವನ್ನು ಅರಿಯಲು ಅಲ್ಲಿನ ಮಾದರಿಗಳನ್ನು ಅಭ್ಯಾಸ ಮಾಡಿದ್ದಾರೆ. ಜರೋಸೈಟ್ ಆಗಬೇಕಾದರೆ ನೀರು ಬೇಕು, ಅದೂ ಹುಳಿ ನೀರೇ ಬೇಕು. 2004ರ ಮಾರ್ಚ್ 2ರಂದು ನಾಸಾ ಲೋಕಕ್ಕೆ ತಿಳಿಸಿತು: ಇಲ್ಲಿನ ಕಲ್ಲು ಒಂದು ಕಾಲಕ್ಕೆ ನೀರಿನಲ್ಲಿ ನೆನೆದಿತ್ತು.

ಸುದ್ದಿ ಸಂತೋಷದ್ದೇ. ಆದರೆ ಆ ನೀರು ಆಮ್ಲ, ಉಪ್ಪುಗಳಿಂದ ತುಂಬಿದ್ದು, ಬಹುಪಾಲು ನೆಲದಡಿಯಲ್ಲೇ ಇದ್ದು ಆಗಾಗ ಮೇಲೆ ಬಂದು ಇಂಗಿದ್ದು. ಅಂತಹ ನೀರಿನಲ್ಲಿ ಬದುಕಬಲ್ಲ ಸೂಕ್ಷ್ಮಜೀವಿಗಳು ಭೂಮಿಯ ಮೇಲಿವೆ, ನಿಜ. ಜೀವ ಮೊದಲು ಹುಟ್ಟುವುದಕ್ಕೆ ಮಾತ್ರ ಅದು ಹಿತವಾದ ಜಾಗ ಅನ್ನಿಸಲಿಲ್ಲ.

ಕುಂಟು ಚಕ್ರ ಎಳೆದ ಗೆರೆ

ಇತ್ತ ಸ್ಪಿರಿಟ್‌ನ ಕಥೆ ನಿರಾಸೆಯಿಂದ ಶುರುವಾಯಿತು. ಅದು ಇಳಿದದ್ದು ಗುಸೆವ್ ಎಂಬ 166 ಕಿ.ಮೀ. ಅಗಲದ ಕುಳಿಯಲ್ಲಿ. ದಕ್ಷಿಣದಿಂದ ನೂರಾರು ಕಿಲೋಮೀಟರ್ ಉದ್ದದ ಒಂದು ಒಣ ಕಣಿವೆ ಕುಳಿಯ ಅಂಚನ್ನು ಒಡೆದು ಒಳಗೆ ನುಗ್ಗಿರುವುದು ಮೇಲಿನಿಂದ ನಿಚ್ಚಳವಾಗಿ ಕಾಣುತ್ತದೆ. ಹೊಳೆ ಬಂದು ಸೇರಿದ ಮೇಲೆ ಕೆರೆ ಇರಲೇಬೇಕು, ಕೆರೆಯಿದ್ದ ಮೇಲೆ ಗೋಡು ಇರಲೇಬೇಕು. ಎಣಿಕೆ ಸರಿಯಾಗಿಯೇ ಇತ್ತು. ಸ್ಪಿರಿಟ್ ಇಳಿದು ಸಾಣೆ ಹಿಡಿದರೆ ಸಿಕ್ಕಿದ್ದು ಬರಿ ಬಸಾಲ್ಟ್! ಅದರೊಳಗೆ ಒಲಿವಿನ್ ಎಂಬ ಖನಿಜ ಹಾಗೇ ಉಳಿದಿತ್ತು. ನೀರು ತಾಗಿದರೆ ಬೇಗ ಕೆಡುವ ಖನಿಜ ಅದು. ಅದು ಉಳಿದಿದೆ ಎಂದರೆ ಆ ಲಾವಾ ಹರಿದ ಮೇಲೆ ಅಲ್ಲಿ ನೀರು ಹೆಚ್ಚಾಗಿ ಸುಳಿದಿಲ್ಲ ಎಂದೇ ಅರ್ಥ. ಕೆರೆ ಇದ್ದಿದ್ದರೆ ಅದರ ಗೋಡು ಈ ಲಾವಾದ ಅಡಿಯಲ್ಲಿ ಹೂತುಹೋಗಿದೆ.

ಎರಡೂವರೆ ಕಿಲೋಮೀಟರ್ ಆಚೆ, ಲಾವಾ ಮುಳುಗಿಸದೆ ಬಿಟ್ಟ ಗುಡ್ಡಗಳಿದ್ದವು. ಲಾವಾಕ್ಕಿಂತ ಹಳೆಯ ಕಲ್ಲು ಇದ್ದರೆ ಅಲ್ಲೇ. 90 ದಿನದ ಆಯುಷ್ಯದ ಗಾಡಿ 2004ರ ಜೂನ್ ಹೊತ್ತಿಗೆ ಗುಡ್ಡದ ಬುಡ ಮುಟ್ಟಿತು. ಅಲ್ಲಿ ಕಲ್ಲಿನ ಬಣ್ಣ, ಗುಣ ಎರಡೂ ಬದಲಾದವು. ಸಾಣೆ ಸಲೀಸಾಗಿ ಇಳಿಯುವಷ್ಟು ಮೆತ್ತನೆಯ ಕಲ್ಲು. ಒಂದು ಬಂಡೆಯಲ್ಲಿ ಗೋಥೈಟ್ ಸಿಕ್ಕಿತು. ಜರ್ಮನಿಯ ಮಹಾಕವಿ ಗಯಟೆಯ ಹೆಸರು ಹೊತ್ತ ಈ ಖನಿಜದ ಹರಳಿನೊಳಗೇ ನೀರಿನ ಅಂಶ ಸೇರಿರುತ್ತದೆ, ನೀರಿಲ್ಲದೆ ಅದು ಆಗುವಂತಿಲ್ಲ.

2006ರ ಮಾರ್ಚ್‌ನಲ್ಲಿ ಸ್ಪಿರಿಟ್‌ನ ಮುಂದಿನ ಬಲ ಚಕ್ರ ಕೆಟ್ಟು ನಿಂತಿತು. ಅಂದಿನಿಂದ ಅದು ಹಿಮ್ಮುಖವಾಗಿ, ಕೆಟ್ಟ ಚಕ್ರವನ್ನು ದರದರನೆ ಎಳೆದುಕೊಂಡೇ ಓಡಾಡಬೇಕಾಯಿತು. ಚಕ್ರ ನೇಗಿಲಿನಂತೆ ನೆಲದಲ್ಲಿ ಸಾಲು ಹೊಡೆಯುತ್ತಿತ್ತು. 2007ರಲ್ಲಿ ಹೀಗೆ ಎಳೆದ ಒಂದು ಸಾಲಿನಲ್ಲಿ ಕೆಂಪು ಮಣ್ಣಿನ ಅಡಿಯಿಂದ ಬೆಳ್ಳಗಿನ ಮಣ್ಣು ಎದ್ದಿತು. ಅಳೆದು ನೋಡಿದರೆ ಅದರಲ್ಲಿ ಶೇಕಡಾ 90ರಷ್ಟು ಸಿಲಿಕಾ! ಅಷ್ಟು ಶುದ್ಧ ಸಿಲಿಕಾ ಒಂದೆಡೆ ಕೂಡಬೇಕಾದರೆ ಬಿಸಿನೀರಿನ ಬುಗ್ಗೆಯೋ, ಜ್ವಾಲಾಮುಖಿಯ ಬಿಸಿ ಆವಿಯೋ ಆ ನೆಲದಲ್ಲಿ ಕೆಲಸ ಮಾಡಿರಬೇಕು. ಭೂಮಿಯ ಬಿಸಿನೀರಿನ ಬುಗ್ಗೆಗಳಲ್ಲಿ ಸೂಕ್ಷ್ಮಜೀವಿಗಳು ಕಿಕ್ಕಿರಿದಿರುತ್ತವೆ. ಚಕ್ರ ಸರಿಯಾಗಿದ್ದಿದ್ದರೆ ಗಾಡಿ ಆ ಮಣ್ಣಿನ ಮೇಲೆಯೇ ಹಾದುಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

2005ರ ಕೊನೆಯಲ್ಲಿ ಅದೇ ಗುಡ್ಡಗಳಲ್ಲಿ ಅಳೆದಿದ್ದ ಒಂದು ಬಂಡೆಯ ಲೆಕ್ಕವನ್ನು ವಿಜ್ಞಾನಿಗಳು ವರ್ಷಗಟ್ಟಲೆ ಬಿಡಿಸುತ್ತ ಕುಳಿತರು. ಅದರ ಕಾಲುಭಾಗದಷ್ಟು ಕಾರ್ಬೊನೇಟ್ ಎಂದು ಪ್ರಕಟಿಸಿದ್ದು 2010ರಲ್ಲಿ. ಹುಳಿ ನೀರಿನಲ್ಲಿ ಕಾರ್ಬೊನೇಟ್ ಕರಗಿಹೋಗುತ್ತದೆ. ಹಾಗಾದರೆ ಮಂಗಳದ ಎಲ್ಲ ನೀರೂ ಹುಳಿಯಲ್ಲ! ಆದರೆ ಈ ಸುದ್ದಿ ಬರುವ ಹೊತ್ತಿಗೆ ಸ್ಪಿರಿಟ್ ಮಾತು ನಿಲ್ಲಿಸಿತ್ತು. 2009ರಲ್ಲಿ ಸಡಿಲ ಮರಳಿನಲ್ಲಿ ಹೂತುಕೊಂಡ ಅದು 2010ರ ಮಾರ್ಚ್ 22ರಂದು ಕೊನೆಯ ಸಂದೇಶ ಕಳುಹಿಸಿತು.

ಆಪರ್ಚುನಿಟಿ ಇನ್ನೂ ನಡೆಯುತ್ತಿತ್ತು. ಹಳೆಯ ಕಲ್ಲುಗಳನ್ನು ಹುಡುಕಿಕೊಂಡು ಸುಮಾರು ಮೂರು ವರ್ಷ ಬಯಲಿನಲ್ಲಿ ಸಾಗಿ 2011ರ ಆಗಸ್ಟ್‌ನಲ್ಲಿ 22 ಕಿ.ಮೀ. ಅಗಲದ ಎಂಡೆವರ್ ಕುಳಿಯ ಅಂಚು ಸೇರಿತು. ಅಲ್ಲಿ ಕಲ್ಲಿನ ಬಿರುಕಿನಲ್ಲಿ ಹೆಬ್ಬೆರಳಿನಷ್ಟು ಅಗಲದ ಬಿಳಿ ಎಳೆಯೊಂದು ಸಿಕ್ಕಿತು. ಅದು ಜಿಪ್ಸಮ್, ಬಿರುಕಿನಲ್ಲಿ ನೀರು ಹರಿದ ನೇರ ಗುರುತು. 2013ರಲ್ಲಿ ಅದೇ ಅಂಚಿನಲ್ಲಿ ಜೇಡಿಯೂ ಸಿಕ್ಕಿತು. ಹುಳಿ ನೀರಿನ ಬಯಲಿಗಿಂತ ಹಳೆಯದಾದ ಈ ಕಲ್ಲನ್ನು ನೆನೆಸಿದ್ದು ಹೆಚ್ಚು ಹುಳಿಯಿಲ್ಲದ ನೀರು. ಕಾಲದಲ್ಲಿ ಹಿಂದೆ ಹೋದಷ್ಟೂ ನೀರು ಸಿಹಿಯಾಗುತ್ತಿತ್ತು.

2018ರ ಜೂನ್‌ನಲ್ಲಿ ಗ್ರಹವನ್ನೆಲ್ಲ ಮುಚ್ಚಿದ ಧೂಳಿನ ಬಿರುಗಾಳಿಗೆ ಸಿಕ್ಕಿ ಬಿಸಿಲಿಲ್ಲದೆ ಆಪರ್ಚುನಿಟಿ ಮೌನವಾಯಿತು. ಎಂಟು ತಿಂಗಳು ಕರೆದು ಕರೆದು, 2019ರ ಫೆಬ್ರವರಿ 13ರಂದು ನಾಸಾ ಅದರ ಕೆಲಸ ಮುಗಿಯಿತೆಂದು ಸಾರಿತು. 90 ದಿನಕ್ಕೆಂದು ಕಳುಹಿಸಿದ ಗಾಡಿ ಹದಿನಾಲ್ಕು ವರ್ಷ ದಾಟಿ, 45 ಕಿಲೋಮೀಟರ್‌ಗೂ ಹೆಚ್ಚು ನಡೆದಿತ್ತು.

ಕುಡಿಯಬಹುದಾದ ನೀರು

ಗುಸೆವ್‌ನಲ್ಲಿ ಸಿಗದ ಕೆರೆ ಸಿಕ್ಕಿದ್ದು ಗೇಲ್ ಎಂಬ ಕುಳಿಯಲ್ಲಿ. 154 ಕಿ.ಮೀ. ಅಗಲದ ಈ ಕುಳಿಯ ನಡುವೆ ಸುಮಾರು 5 ಕಿ.ಮೀ. ಎತ್ತರದ, ಪದರುಪದರಾದ ಬೆಟ್ಟವಿದೆ. 2012ರ ಆಗಸ್ಟ್ 6ರಂದು ಕ್ಯೂರಿಯಾಸಿಟಿ ಎಂಬ 900 ಕಿಲೋ ತೂಕದ ರೋವರ್ ಅಲ್ಲಿ ಇಳಿಯಿತು. ಅದರ ಬಳಿ ಸಾಣೆಯ ಬದಲು ಬೈರಿಗೆ ಇತ್ತು. ಕಲ್ಲನ್ನು ಕೊರೆದು, ಪುಡಿಯನ್ನು ಹೊಟ್ಟೆಯೊಳಗಿನ ಪ್ರಯೋಗಶಾಲೆಗೆ ಹಾಕಿಕೊಳ್ಳಬಲ್ಲದು. ಅಲ್ಲಿ ಎಕ್ಸ್-ಕಿರಣಗಳನ್ನು ಪುಡಿಯ ಮೂಲಕ ಹಾಯಿಸಿದರೆ ಒಂದೊಂದು ಖನಿಜವೂ ತನ್ನದೇ ಆದ ಉಂಗುರಗಳ ಚಿತ್ತಾರ ಮೂಡಿಸುತ್ತದೆ. ಹರಳುಗಳು ಹೀಗೆ ಎಕ್ಸ್-ಕಿರಣವನ್ನು ಚದರಿಸುತ್ತವೆ ಎಂದು ಭೂಮಿಯ ಮೇಲೆ ಕಂಡುಕೊಂಡದ್ದು 1912ರಲ್ಲಿ. ಸರಿಯಾಗಿ ನೂರು ವರ್ಷದ ಮೇಲೆ ಅದೇ ವಿಧಾನ ಇನ್ನೊಂದು ಗ್ರಹದಲ್ಲಿ ಬಳಕೆಯಾಯಿತು.

ಮೊದಲ ಕೆಲವೇ ವಾರಗಳಲ್ಲಿ ಕ್ಯೂರಿಯಾಸಿಟಿ ಕಂಡದ್ದು ಮರಳಿನ ಜತೆ ಬೆಸೆದು ಗಟ್ಟಿಯಾಗಿದ್ದ ಉರುಟು ಕಲ್ಲುಗಳು. ಅಷ್ಟು ದಪ್ಪ ಕಲ್ಲನ್ನು ಗಾಳಿ ಹೊತ್ತು ತರಲಾರದು. ಕಾಲಿನ ಹರಡಿನಿಂದ ಸೊಂಟದವರೆಗೆ ಬರುವಷ್ಟು ಆಳದ ಹಳ್ಳ ಅಲ್ಲಿ ಹರಿದಿತ್ತೆಂದು ಲೆಕ್ಕ ಹಾಕಿದರು. ಹಳ್ಳ ಇಳಿಯುವ ದಿಕ್ಕಿಗೆ ಮುಂದೆ ಹೋದರೆ ಸಿಕ್ಕಿದ್ದು ಹಿಟ್ಟಿನಷ್ಟು ನುಣ್ಣನೆಯ ಕೆಸರು ಕಲ್ಲಾದ ಹಾಸು. ಬತ್ತಿದ ಕೆರೆಯಂಗಳದ ಕ್ರಮವೇ ಇದು: ಬಾಯಲ್ಲಿ ದಪ್ಪ ಕಲ್ಲು, ನಡುವೆ ಗೋಡು.

2013ರ ಫೆಬ್ರವರಿಯಲ್ಲಿ ಬೈರಿಗೆ ಆ ಗೋಡುಗಲ್ಲಿಗೆ ಆರು ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಆಳದ ತೂತು ಕೊರೆಯಿತು. ಹೊರಬಂದ ಪುಡಿ ಕೆಂಪಗಿರಲಿಲ್ಲ, ಬೂದು ಬಣ್ಣಕ್ಕಿತ್ತು. ಮಂಗಳದ ಕೆಂಪು ಬರಿ ಮೇಲಿನ ತೊಗಲು ಎಂದಾಯಿತು. ಪುಡಿಯ ಐದನೆಯ ಒಂದು ಪಾಲು ಸ್ಮೆಕ್ಟೈಟ್ ಜೇಡಿ, ನಮ್ಮ ಎರೆಮಣ್ಣಿನಲ್ಲಿರುವ ಜೇಡಿಯ ಜಾತಿಯದೇ. ಉಪ್ಪಿನಂಶ ಕಡಿಮೆ. ನೀರು ಹುಳಿಯಲ್ಲ. ಜೀವಕ್ಕೆ ಬೇಕಾದ ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ, ರಂಜಕ, ಗಂಧಕ ಎಲ್ಲವೂ ಆ ಪುಡಿಯಲ್ಲಿದ್ದವು. ಆ ಕೆರೆಯ ನೀರು ಮನುಷ್ಯ ಕುಡಿಯಬಹುದಾದಂಥದು ಎಂದು ತಂಡದ ಮುಖ್ಯ ವಿಜ್ಞಾನಿ ಜಾನ್ ಗ್ರಾಟ್ಜಿಂಗರ್ 2013ರ ಮಾರ್ಚ್ 12ರಂದು ಹೇಳಿದರು. ಮೂರು ನೂರು ಕೋಟಿ ವರ್ಷಗಳಿಗೂ ಹಿಂದಿನ ಮಾತು ಅದು.

ಆಮೇಲೆ ಕ್ಯೂರಿಯಾಸಿಟಿ ಬೆಟ್ಟ ಹತ್ತತೊಡಗಿತು. ಪದರುಶಿಲೆಯಲ್ಲಿ ಮೇಲೆ ಹೋದಂತೆ ಕಾಲದಲ್ಲಿ ಮುಂದೆ ಬಂದಂತೆ. ಕೆಳಗೆಲ್ಲ ಕೆರೆಯ ಗೋಡು, ಜೇಡಿ. ದಾರಿಯಲ್ಲಿ ಒಂದು ಕಡೆ ಕೆಸರು ಬಿರಿದ ಗುರುತು ಕಲ್ಲಾಗಿ ಉಳಿದಿದೆ, ಕೆರೆ ಆಗಾಗ ಬತ್ತಿ ಮತ್ತೆ ತುಂಬಿದ ಲಕ್ಷಣ. 2022ರಲ್ಲಿ ಗಾಡಿ ಸಲ್ಫೇಟ್ ಲವಣಗಳು ತುಂಬಿದ ಪದರಗಳಿಗೆ ಬಂತು. ಸವಳಿನ ಗೆರೆ ಬಂತೆಂದರೆ ನೀರು ಆರುತ್ತಿದೆ ಎಂದು ಅರ್ಥ. ಒಂದು ಗ್ರಹ ಒಣಗಿದ ಚರಿತ್ರೆಯನ್ನು ಆ ಬೆಟ್ಟ ಪುಟಪುಟವಾಗಿ ಜೋಡಿಸಿಟ್ಟಿದೆ.

2025ರ ಏಪ್ರಿಲ್‌ನಲ್ಲಿ ಇನ್ನೊಂದು ಪುಟ ತೆರೆಯಿತು. ಆ ಲವಣದ ಪದರಗಳಲ್ಲಿ ಕೊರೆದ ಕೆಲವು ಮಾದರಿಗಳಲ್ಲಿ ಸಿಡೆರೈಟ್ ಎಂಬ ಕಬ್ಬಿಣದ ಕಾರ್ಬೊನೇಟ್ ಶೇಕಡಾ 10ರವರೆಗೆ ಇದೆ ಎಂದು ವಿಜ್ಞಾನಿಗಳು ಪ್ರಕಟಿಸಿದರು. ನೀರು ಹರಿಯಬೇಕಾದರೆ ಮಂಗಳಕ್ಕೆ ಒಂದು ಕಾಲಕ್ಕೆ ಇಂಗಾಲದ ಡೈ ಆಕ್ಸೈಡ್‌ನ ದಟ್ಟ ಹೊದಿಕೆ ಇದ್ದಿರಬೇಕು. ಅದೆಲ್ಲಿ ಹೋಯಿತು? ಬಹಳಷ್ಟು ಆಕಾಶಕ್ಕೆ ಸೋರಿಹೋಯಿತು. ಒಂದು ಪಾಲನ್ನು ನೀರೇ ಕಲ್ಲಿನೊಳಗೆ ಕಟ್ಟಿಹಾಕಿತು. ನೀರಿನ ಒಂದು ಪಾಲೂ ಹೀಗೆಯೇ ಜೇಡಿ, ಜಿಪ್ಸಮ್‌ಗಳ ಹರಳುಗಳಲ್ಲಿ ಸೆರೆಯಾಗಿದೆ. ಗ್ರಹವನ್ನು ಬೆಚ್ಚಗಿಟ್ಟಿದ್ದ ಹೊದಿಕೆಯನ್ನು ತೆಳ್ಳಗಾಗಿಸುವುದರಲ್ಲಿ ಆ ನೀರಿಗೂ ಒಂದು ಕೈಯಿತ್ತು.

ಅವಸರವಿಲ್ಲದ ತೀರ್ಪು

ಐದನೆಯ ರೋವರ್ ಪರ್ಸಿವಿಯರೆನ್ಸ್ 2021ರ ಫೆಬ್ರವರಿ 18ರಂದು 45 ಕಿ.ಮೀ. ಅಗಲದ ಯೆಜೆರೊ ಕುಳಿಯಲ್ಲಿ ಇಳಿಯಿತು. ಹೊಳೆಯೊಂದು ಕೆರೆಗೆ ಸೇರುವಲ್ಲಿ ಬೀಸಣಿಗೆಯಂತೆ ಹರಡಿದ ಮೆಕ್ಕಲಿನ ಮುಖಜಭೂಮಿ ಅಲ್ಲಿದೆ. ಈ ಸಲವೂ ತಳದಲ್ಲಿ ಸಿಕ್ಕಿದ್ದು ಅಗ್ನಿಶಿಲೆ. ಆದರೆ ಗುಸೆವ್‌ನಂತೆ ಅಲ್ಲ. ನೀರು ಆ ಕಲ್ಲಿನೊಳಗೆ ಹೊಕ್ಕು ಲವಣ, ಕಾರ್ಬೊನೇಟ್‌ಗಳನ್ನು ಬಿಟ್ಟುಹೋಗಿತ್ತು. ಈ ಗಾಡಿ ಕಲ್ಲಿನ ಮೈಯನ್ನು ಉಜ್ಜಿ ಓದುವುದರ ಜತೆಗೆ ಕಲ್ಲನ್ನು ಸೀಮೆಸುಣ್ಣದ ಕಡ್ಡಿಯಂತೆ ಕೊರೆದು ತೆಗೆದು ಕೊಳವೆಗಳಲ್ಲಿ ಮುಚ್ಚಿಡುತ್ತದೆ.

2024ರ ಜುಲೈನಲ್ಲಿ, ಕುಳಿಗೆ ನೀರು ತಂದ ಪುರಾತನ ಹೊಳೆಯ ಪಾತ್ರದಲ್ಲಿ ಅದಕ್ಕೆ ಒಂದು ಕೆಸರುಗಲ್ಲು ಸಿಕ್ಕಿತು. ಕಲ್ಲಿನ ಮೈಮೇಲೆ ಚಿರತೆಯ ಮಚ್ಚೆಗಳಂತಹ ಚುಕ್ಕೆಗಳು. ಆ ಮಚ್ಚೆಗಳಲ್ಲಿ ಕಬ್ಬಿಣದ ಫಾಸ್ಫೇಟ್ ಮತ್ತು ಸಲ್ಫೈಡ್ ಖನಿಜಗಳು ಇರುವ ಲಕ್ಷಣ, ಕಲ್ಲಿನಲ್ಲಿ ಇಂಗಾಲದ ಸಾವಯವ ವಸ್ತು. ಭೂಮಿಯ ಕೆಸರಿನಲ್ಲಿ ಇಂತಹ ಜೋಡಿಯನ್ನು ಎಷ್ಟೋ ಸಲ ಸೂಕ್ಷ್ಮಜೀವಿಗಳು ಉಂಟುಮಾಡುತ್ತವೆ. ಜೀವದ ನೆರವಿಲ್ಲದೆಯೂ ಅವು ಆಗಬಲ್ಲವು, ಅದಕ್ಕೆ ಸಾಮಾನ್ಯವಾಗಿ ಹೆಚ್ಚಿನ ಶಾಖವೋ ಆಮ್ಲವೋ ಬೇಕು, ಈ ಕಲ್ಲು ಬೆಂದ ಗುರುತು ಕಾಣುವುದಿಲ್ಲ. ಇಷ್ಟೆಲ್ಲ ಇದ್ದರೂ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿಜ್ಞಾನಿಗಳು ಬರೆದದ್ದು ಇದು ಜೀವದ ಕುರುಹು ಇರಬಹುದು ಎಂದಷ್ಟೇ. ಇದೆ ಎಂದು ಬರೆಯಲಿಲ್ಲ.

ಈ ಎಚ್ಚರವನ್ನು ಮೆಚ್ಚಬೇಕು. ಲೊವೆಲ್ ದೂರದಿಂದ ಗೆರೆ ಕಂಡು ಒಂದು ನಾಗರಿಕತೆಯನ್ನೇ ಕಟ್ಟಿದ. ಇವರು ಕಲ್ಲಿಗೆ ಮೂಗು ತಾಗಿಸಿ ನೋಡಿ, ಸಾಲದು, ಇನ್ನೂ ನೋಡಬೇಕು ಎನ್ನುತ್ತಿದ್ದಾರೆ. ಸ್ಪಿರಿಟ್‌ಗೆ ಸಿಗದೇ ಹೋದ ಕೆರೆ, ಕುಂಟು ಚಕ್ರ ಎಬ್ಬಿಸಿದ ಬಿಳಿ ಮಣ್ಣು, ಐದು ವರ್ಷ ತಡವಾಗಿ ಮಾತಾಡಿದ ಬಂಡೆ, ಇವೆಲ್ಲ ಕಲಿಸಿದ ಪಾಠ ಅದು.

ಮುಂದಿನ ಪರೀಕ್ಷೆ ಭೂಮಿಯ ಪ್ರಯೋಗಶಾಲೆಯಲ್ಲೇ ಆಗಬೇಕು. ಅದಕ್ಕೆ ಕೊಳವೆಗಳು ಇಲ್ಲಿಗೆ ಬರಬೇಕು. ತರುವ ಯೋಜನೆಗೆ 1,100 ಕೋಟಿ ಡಾಲರ್ ತನಕ ಖರ್ಚಾದೀತು, 2040ನೇ ಇಸವಿ ಬಂದೀತು ಎಂದು ಲೆಕ್ಕ ಬಂದಾಗ 2024ರಲ್ಲಿ ನಾಸಾ ಬೇರೆ ದಾರಿ ಹುಡುಕತೊಡಗಿತು. ಹತ್ತು ಕೊಳವೆಗಳನ್ನು ರೋವರ್ 2023ರ ಜನವರಿಯ ಹೊತ್ತಿಗೆ ಮುಖಜಭೂಮಿಯ ಬುಡದಲ್ಲಿ ಒಂದು ಸಮತಟ್ಟು ಜಾಗದಲ್ಲಿ ಇಟ್ಟುಬಂದಿದೆ. ಮಚ್ಚೆಯ ಕಲ್ಲಿನ ಕೊಳವೆ ಅದರ ಒಡಲಲ್ಲೇ ಇದೆ. ಒಂದು ಕಾಲದಲ್ಲಿ ಹೊಳೆಯ ನೀರಿನಲ್ಲಿ ಕರಡಿ, ತಳಕ್ಕೆ ಇಳಿದು ಕುಳಿತ ಕೆಸರು ಅದು. ತೆಗೆದು ನೋಡುವವರಿಗಾಗಿ ಕಾದಿದೆ.